ಬೆತ್ತದ ಜಾಗಕ್ಕೆ ಬಂದ ಸನ್ನೆಗಳು

ಚಿಕ್ಕಬಳ್ಳಾಪುರ ಜಿಲ್ಲೆಯ ಯಾವ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಾದರೂ ಹಿಂದಿನ ಸಾಲಿನಲ್ಲಿ ಕುಳಿತು ನೋಡಿ. ಹೆಚ್ಚು ಸಲ ಕಣ್ಣಿಗೆ ಬೀಳುವ ಸನ್ನೆ ಮೇಷ್ಟ್ರದ್ದಲ್ಲ, ಮಕ್ಕಳದ್ದು. ಅದು ಮೇಲೆತ್ತಿದ ಕಿರುಬೆರಳು. ಒಂದನೇ ತರಗತಿಗೆ ಸೇರಿದ ಮಗು ಪಕ್ಕದವರನ್ನು ನೋಡಿ ನಾಲ್ಕಾರು ದಿನದಲ್ಲೇ ಅದನ್ನು ಕಲಿತುಬಿಡುತ್ತದೆ. ತರಬೇತಿ ಕೈಪಿಡಿಯ ಹಂಗು ಅದಕ್ಕಿಲ್ಲ. ಬೆರಳು ಏಳುತ್ತದೆ, ಮಿಸ್ ಕಣ್ಣಲ್ಲೇ ಹೂಂ ಅನ್ನುತ್ತಾರೆ, ಮಗು ಹೊರಗೆ ಓಡುತ್ತದೆ. ಪಾಠ ಎಲ್ಲೂ ನಿಲ್ಲುವುದಿಲ್ಲ. ಮಾತಿಲ್ಲದೆ ಕೇಳಿದ್ದಾಯಿತು, ಮಾತಿಲ್ಲದೆ ಒಪ್ಪಿದ್ದೂ ಆಯಿತು.

ಇಷ್ಟು ಚೊಕ್ಕವಾಗಿ ನಡೆಯುವ ಸನ್ನೆ ಶಿಕ್ಷಕರ ಕಡೆಯಿಂದ ಬರುವವುಗಳಲ್ಲಿ ಎಷ್ಟಿವೆ? ತರಗತಿ ನಿಭಾಯಿಸಲು ಬಳಕೆಯಲ್ಲಿರುವ ಗಂಟೆ, ಚಪ್ಪಾಳೆ, ಸೀಟಿ, ಬೆರಳು, ಚಿತ್ರ, ತಟ್ಟೆಗಳೆಲ್ಲ ಯಾವ ಕೆಲಸಕ್ಕೆ ಬರುತ್ತವೆ, ಎಲ್ಲಿ ಸೋಲುತ್ತವೆ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಮಟ್ಟಿಗೆ ಈ ಪ್ರಶ್ನೆ ಬಾಯುಪಚಾರದ್ದಲ್ಲ. ಇಲ್ಲಿನ ಒಂದೊಂದು ಕೋಣೆಯಲ್ಲಿ ಮೂರು ತರಗತಿಗಳಿರುತ್ತವೆ, ಎರಡು ಮೂರು ಮನೆಮಾತುಗಳಿರುತ್ತವೆ. ಶಿಕ್ಷಕರು ಮಾತ್ರ ಒಬ್ಬರೇ.

ಹಿಂದೆ ಈ ಪ್ರಶ್ನೆಗೆ ಬೆತ್ತವೇ ಉತ್ತರವಾಗಿತ್ತು. ಹಳೆಯ ಕೂಲಿಮಠಗಳಲ್ಲಿ ಹುಡುಗನನ್ನು ಸೂರಿನ ಹಗ್ಗಕ್ಕೆ ಜೋತುಬೀಳಿಸುವ ಕೋದಂಡ ಶಿಕ್ಷೆಯಿತ್ತು. ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ ಸರ್ಕಾರಿ ಶಾಲೆ ಹಳ್ಳಿಯ ಹತ್ತಿರಕ್ಕೆ ಬಂತು, ಆದರೆ ಬೆತ್ತ ಹೋಗಲಿಲ್ಲ. ಕಾನೂನು ಅದನ್ನು ಸಾರಾಸಗಟಾಗಿ ಕೆಳಗಿಡಿಸಿದ್ದು 2010ರ ಏಪ್ರಿಲ್ 1ರಂದು. ಅಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಒಟ್ಟಿಗೆ ನಿಷೇಧಿಸಿತು. ಮೀರಿದವರ ಮೇಲೆ ಸೇವಾ ನಿಯಮದ ಪ್ರಕಾರ ಕ್ರಮ ಎಂದೂ ಹೇಳಿತು. ಹೊಡೆಯಬೇಡಿ ಎಂದ ಕಾಯ್ದೆ, ಹೊಡೆಯದೆ ಮೂವತ್ತು ಮಕ್ಕಳ ಕೋಣೆಯನ್ನು ನಡೆಸುವ ಬಗೆಯನ್ನು ಹೇಳಲಿಲ್ಲ. ಅದು ಕಾಯ್ದೆಯ ಕೆಲಸವೂ ಅಲ್ಲ. ಖಾಲಿಯಾದ ಆ ಜಾಗವನ್ನು ಕೆಲವರು ಗಂಟಲಿನಿಂದ ತುಂಬಿಸಿದರು, ಕೆಲವರು ಸನ್ನೆಯಿಂದ.

ಸನ್ನೆಯಿಂದ ಶಾಲೆ ನಡೆಸುವ ಯೋಚನೆ ಹೊಸದಲ್ಲ. ಫ್ರಾನ್ಸಿನಲ್ಲಿ ಬಡಮಕ್ಕಳಿಗಾಗಿ ಶಾಲೆಗಳನ್ನು ತೆರೆದ ಪಾದ್ರಿ ಜಾನ್ ಬಾಪ್ತಿಸ್ತ್ ದ ಲಾ ಸಾಲ್ ಬರೆದ ಶಾಲಾ ನಿರ್ವಹಣೆಯ ಕೈಪಿಡಿ 1720ರಲ್ಲಿ ಅಚ್ಚಾಯಿತು. ಸನ್ನೆಗಳಿಗೆಂದೇ ಅದರಲ್ಲಿ ಒಂದು ಅಧ್ಯಾಯವಿದೆ. ಗುರು ಆದಷ್ಟೂ ಮಾತಾಡಕೂಡದು. ಅವನ ಕೈಯಲ್ಲಿ ‘ಸಿಗ್ನಲ್’ ಎಂಬ, ಟಕ್ ಎಂದು ಸದ್ದು ಮಾಡುವ ಪುಟ್ಟ ಸಾಧನ ಇರುತ್ತಿತ್ತು. ಓದುವ ಹುಡುಗ ತಪ್ಪು ಉಚ್ಚರಿಸಿದರೆ ಬೇಗಬೇಗ ಎರಡು ಸಲ ಟಕ್‌ಟಕ್. ಹುಡುಗ ಹಿಂದಕ್ಕೆ ಹೋಗಿ ಆ ಪದವನ್ನು ಮತ್ತೆ ಓದಬೇಕು. 1975ರಲ್ಲಿ ಮಿಶೆಲ್ ಫುಕೊ ಶಿಕ್ಷೆ ಮತ್ತು ಶಿಸ್ತಿನ ಚರಿತ್ರೆ ಬರೆದಾಗ ಇದೇ ಸಾಧನವನ್ನು ಎತ್ತಿ ತೋರಿಸಿದ. ಅವನ ಆಕ್ಷೇಪ ಸರಳ: ಅಲ್ಲಿ ಮಗುವಿಗೆ ಅರ್ಥ ಮಾಡಿಕೊಳ್ಳುವ ಕೆಲಸವೇ ಇಲ್ಲ, ಸದ್ದು ಕೇಳಿದೊಡನೆ ಮೈ ಆಡಿದರೆ ಮುಗಿಯಿತು. ಈ ಆಕ್ಷೇಪವನ್ನು ಮುಂದೆ ಮತ್ತೆ ಎದುರಿಸಬೇಕಾಗುತ್ತದೆ.

ಕನ್ನಡ ನಾಡಿನ ಸಾಕ್ಷಿ ಇದಕ್ಕಿಂತ ಹಳೆಯದು, ಇದಕ್ಕಿಂತ ಚೆಲುವಾದದ್ದೂ ಹೌದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಗುಡಿಯೊಂದರ ಮುಖಮಂಟಪದಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಕಂಡ. ನೆಲಕ್ಕೆ ಮರಳು ಹರಡಿತ್ತು. ಒಬ್ಬ ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯುತ್ತಿದ್ದ, ಉಳಿದವರು ಅದೇ ರಾಗದಲ್ಲಿ ಹೇಳುತ್ತ ತಾವೂ ಬರೆಯುತ್ತಿದ್ದರು. ಗುರು ಅಲ್ಲಿರಲೇ ಇಲ್ಲ. ಮರೆತರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯುವುದಿಲ್ಲವಲ್ಲ ಎಂಬರ್ಥದ ಉತ್ತರ ಬಂತಂತೆ. ಎಲ್ಲರನ್ನೂ ಒಂದೇ ಕೆಲಸದಲ್ಲಿ ಹಿಡಿದಿಟ್ಟದ್ದು ರಾಗ ಮತ್ತು ಮರಳಿನ ಮೇಲಿನ ಬೆರಳು.

ಇಂಥದೇ ಮರಳಿನ ಶಾಲೆಯನ್ನು ನೋಡಿ ಬೆರಗಾದ ಇನ್ನೊಬ್ಬ ಆಂಡ್ರ್ಯೂ ಬೆಲ್. ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಣೆಯನ್ನು 1789ರಲ್ಲಿ ವಹಿಸಿಕೊಂಡ ಈ ಪಾದ್ರಿ, ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಇಲ್ಲಿನ ಕ್ರಮವನ್ನು ಅಲ್ಲಿ ಪ್ರಯೋಗಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ವರದಿ ಪ್ರಕಟಿಸಿದ. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಒಂದೇ ಹಜಾರದಲ್ಲಿ ನೂರಾರು ಮಕ್ಕಳನ್ನು ಕೂರಿಸಿ ಓದಿಸತೊಡಗಿದ್ದ. ಅಲ್ಲಿ ಗಂಟಲು ನಡೆಯುವಂತಿರಲಿಲ್ಲ. ಆದ್ದರಿಂದ ಅವನ ಶಾಲೆಗಳಲ್ಲಿ ಗಂಟೆ, ಸೀಟಿಗಳ ಜೊತೆಗೆ ‘ಟೆಲಿಗ್ರಾಫ್’ ಎಂಬ ಹಲಗೆಯೂ ಬಂತು. ಅದರ ಮೇಲೆ ತಿರುಗುವ ಚೌಕಗಳು, ಚೌಕದ ಮೇಲೆ ಅಕ್ಷರಗಳು. ‘ಎಫ್’ ಕಂಡರೆ ಎಲ್ಲರೂ ಮುಂದಕ್ಕೆ ತಿರುಗಬೇಕು, ‘ಎಸ್.ಎಸ್.’ ಕಂಡರೆ ಸ್ಲೇಟು ಎತ್ತಿ ತೋರಿಸಬೇಕು. ಇನ್ನೂರು ವರ್ಷ ದಾಟಿದ ಮೇಲೂ ಶಿಡ್ಲಘಟ್ಟದ ಒಂದನೇ ತರಗತಿಯಲ್ಲಿ ‘ಎಲ್ಲಿ, ಸ್ಲೇಟ್ ಎತ್ತಿ ನೋಡೋಣ’ ಎಂಬ ಮಾತು ಕೇಳುತ್ತದೆ, ಮೂವತ್ತು ಸ್ಲೇಟುಗಳು ಮೇಲೇಳುತ್ತವೆ. ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ ಎಂಬುದು ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ತರಗತಿಯ ಸನ್ನೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಸಿಗುವುದು ಕಷ್ಟ. ಲ್ಯಾಂಕಾಸ್ಟರನ ಬಗ್ಗೆ ಇನ್ನೊಂದು ಮಾತನ್ನೂ ಹೇಳಬೇಕು. ಬೆತ್ತ ಬೇಡ ಎಂದ ಆ ಮನುಷ್ಯ ತಪ್ಪು ಮಾಡಿದವರ ಕೊರಳಿಗೆ ಮರದ ತುಂಡು ಕಟ್ಟಿಸುತ್ತಿದ್ದ, ಬುಟ್ಟಿಯಲ್ಲಿ ಕೂರಿಸಿ ಮೇಲಕ್ಕೆ ನೇತುಹಾಕಿಸುತ್ತಿದ್ದ. ನಮ್ಮ ಕೋದಂಡಕ್ಕೂ ಅವನ ಬುಟ್ಟಿಗೂ ಬಹಳ ದೂರವಿಲ್ಲ. ಹೊಡೆತ ನಿಂತ ಮಾತ್ರಕ್ಕೆ ಅವಮಾನ ನಿಲ್ಲುವುದಿಲ್ಲ ಎಂಬುದಕ್ಕೆ ಇದು ಹಳೆಯ ಪುರಾವೆ.

ಇನ್ನು ಈ ನಾಲ್ಕು ತಾಲ್ಲೂಕುಗಳ ಕಡೆಗೆ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆ ಮೂರು ಮಾತುಗಳ ಸೀಮೆ. ಗೌರಿಬಿದನೂರಿನಿಂದ ಹಿಂದೂಪುರ ಕೂಗಳತೆ. ಚಿಂತಾಮಣಿಯಿಂದ ಹೊರಟ ಬಸ್ಸು ಮದನಪಲ್ಲಿಗೆ ಹೋಗುತ್ತದೆ. ಕೈವಾರದ ತಾತಯ್ಯ ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದಲ್ಲಿ ಅಕ್ಷರ ಕಲಿತ ವಿಶ್ವೇಶ್ವರಯ್ಯನವರ ಮನೆಮಾತು ತೆಲುಗು. ರೇಷ್ಮೆಯ ಊರಾದ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆಯ ಮನೆಗಳಿಂದ ಬರುವ ಬಹಳಷ್ಟು ಮಕ್ಕಳು ಉರ್ದು ಆಡುತ್ತಾರೆ. ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳಿದ್ದರೂ ಎಲ್ಲ ಮಕ್ಕಳೂ ಅಲ್ಲಿಗೇ ಹೋಗುತ್ತಾರೆಂದಿಲ್ಲ. ಕನ್ನಡ ಶಾಲೆಯ ಒಂದನೇ ತರಗತಿಯಲ್ಲಿ ಬಾಯಾರಿದ ಒಂದು ಮಗು ನೀರು ಅನ್ನುತ್ತದೆ, ಇನ್ನೊಂದು ನೀಳ್ಳು, ಮತ್ತೊಂದು ಪಾನಿ. ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿದರೆ ಮೂರೂ ಒಂದೇ ಆಗುತ್ತವೆ. ಶಾಲೆಯ ಕನ್ನಡ ಇನ್ನೂ ಕಿವಿಗೆ ಹತ್ತದ ಮೊದಲ ತಿಂಗಳುಗಳಲ್ಲಿ ಸನ್ನೆಯೇ ಮಗುವಿಗೂ ಶಿಕ್ಷಕಿಗೂ ನಡುವಿನ ಮಾತು.

ಸನ್ನೆ ಈ ಸೀಮೆಯವರಿಗೆ ಹೊಸದೂ ಅಲ್ಲ. ದನದ ಜಾತ್ರೆಯಲ್ಲಿ ಟವೆಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಸುತ್ತಲಿದ್ದವರಿಗೆ ಗೊತ್ತಾಗದಂತೆ ಎತ್ತಿನ ಬೆಲೆ ಕುದುರಿಸುವುದನ್ನು ನೋಡಿ ಬೆಳೆದವರು ಇಲ್ಲಿ ಬೇಕಾದಷ್ಟು ಜನ. ಆ ವ್ಯಾಪಾರದಲ್ಲಿ ಒಂದು ಮರ್ಯಾದೆಯಿದೆ: ಕೊಡುವವನೂ ಬೆರಳು ಒತ್ತುತ್ತಾನೆ, ಕೊಳ್ಳುವವನೂ ಒತ್ತುತ್ತಾನೆ. ಶಾಲೆಯಲ್ಲಿ ಸೋಲುವ ಸನ್ನೆಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಬಹುಪಾಲು ಒಂದೇ ಕಡೆಯಿಂದ ಬರುವವು.

ಮೊದಲು ಗೆದ್ದವುಗಳನ್ನು ನೋಡೋಣ. ಅವುಗಳಲ್ಲಿ ದೊಡ್ಡದು ನಲಿ-ಕಲಿ. ಜನ ಅದನ್ನು ಕಾರ್ಡು, ಹಾಡು, ಕುಣಿತದ ಪದ್ಧತಿಯೆಂದು ಗುರುತಿಸುತ್ತಾರೆ. ಅದರ ಒಳಗಿನ ಯಂತ್ರ ಮಾತ್ರ ಪೂರ್ತಿ ಸನ್ನೆಗಳದ್ದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿಯ ಪಟ. ಏಣಿಯ ಮೆಟ್ಟಿಲು ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಒಂದು ಸಂಖ್ಯೆ. ಅದೇ ಗುರುತು ಟ್ರೇಯಲ್ಲಿರುವ ಕಾರ್ಡಿನ ಮೇಲೂ ಇರುತ್ತದೆ. ಮಗು ಏಣಿಯ ಹತ್ತಿರ ಹೋಗಿ ತಾನು ಎಲ್ಲಿದ್ದೇನೆಂದು ನೋಡಿಕೊಳ್ಳುತ್ತದೆ, ಟ್ರೇಯಿಂದ ಕಾರ್ಡು ತೆಗೆಯುತ್ತದೆ, ಆ ಗುರುತಿಗೆ ಹೊಂದುವ ತಟ್ಟೆಯ ಬಳಿ ಹೋಗಿ ಕೂರುತ್ತದೆ. ತಟ್ಟೆಗಳು ಐದು, ಒಂದೊಂದಕ್ಕೂ ಒಂದು ಗುಂಪು. ಮೊದಲನೆಯದರಲ್ಲಿ ಶಿಕ್ಷಕರ ಪೂರ್ಣ ಸಹಾಯ, ಎರಡನೆಯದರಲ್ಲಿ ಅರ್ಧ. ಮೂರು ಮತ್ತು ನಾಲ್ಕರಲ್ಲಿ ಜೊತೆಯ ಮಕ್ಕಳ ಸಹಾಯ. ಐದನೆಯದರಲ್ಲಿ ತನ್ನಷ್ಟಕ್ಕೆ ತಾನೇ. ‘ನೀನು ಇಲ್ಲಿ ಕೂರು, ನೀನು ಅದನ್ನು ಬರಿ’ ಎಂದು ಶಿಕ್ಷಕಿ ಮೂವತ್ತು ಸಲ ಹೇಳಬೇಕಾಗಿದ್ದ ಮಾತನ್ನು ಚಿತ್ರಗಳೇ ಹೇಳಿಬಿಡುತ್ತವೆ. ಮಗುವಿಗೆ ಓದಲು ಬರಬೇಕೆಂದೂ ಇಲ್ಲ, ಕನ್ನಡ ಬರಬೇಕೆಂದೂ ಇಲ್ಲ.

ಈ ಪದ್ಧತಿ ಬಂದ ದಾರಿ ಚಿಂತಾಮಣಿಯವರಿಗೆ ವಿಶೇಷವಾಗಿ ಹಿಡಿಸಬೇಕು. ಇದರ ಬೇರು ಇರುವುದು ಪಕ್ಕದ ಮದನಪಲ್ಲಿಯ ಬಳಿ, ಜಿಡ್ಡು ಕೃಷ್ಣಮೂರ್ತಿಯವರು ಸ್ಥಾಪಿಸಿದ ರಿಷಿ ವ್ಯಾಲಿಯಲ್ಲಿ. ಅಲ್ಲಿ ರಮಾ ಮತ್ತು ಪದ್ಮನಾಭ ರಾವ್ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ತೆಲುಗಿನಲ್ಲಿ ಏಣಿ ಮತ್ತು ಕಾರ್ಡುಗಳನ್ನು ರೂಪಿಸಿದ್ದರು. 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿಗೆ ಹೋಗಿ ನೋಡಿಬಂದದ್ದು ಗಡಿಯಾಚೆ ಹತ್ತಿರದಲ್ಲೇ ಇದ್ದ ಚಿಂತಾಮಣಿಯ ಶಿಕ್ಷಕರಲ್ಲ; ರಾಜ್ಯದ ಇನ್ನೊಂದು ಮೂಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು. ಅವರು ತಮ್ಮ ಕಾಡಂಚಿನ ಶಾಲೆಗಳಿಗೆ ಕನ್ನಡದಲ್ಲಿ ತಾವೇ ಕಾರ್ಡು ಬರೆದುಕೊಂಡರು. 2009–10ರಲ್ಲಿ ಸರ್ಕಾರ ಅದನ್ನು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಹೀಗೆ ಮದನಪಲ್ಲಿಯ ಬುದ್ಧಿ ಮೈಸೂರು ಜಿಲ್ಲೆಯನ್ನು ಸುತ್ತಿಕೊಂಡು ಹದಿನಾಲ್ಕು ವರ್ಷಗಳ ಮೇಲೆ ಚಿಂತಾಮಣಿಗೆ ಬಂತು.

ನಲಿ-ಕಲಿಯ ಮೇಲೆ ದೂರುಗಳಿಲ್ಲವೆಂದಲ್ಲ. ಕಾರ್ಡುಗಳು ಹರಿಯುತ್ತವೆ, ಕಳೆದುಹೋಗುತ್ತವೆ. ಒಂದು ಕಾರ್ಡು ಕಾಣೆಯಾದರೆ ಏಣಿಯ ಆ ಮೆಟ್ಟಿಲಿನಲ್ಲಿ ಮಕ್ಕಳ ಸರತಿ ನಿಂತುಬಿಡುತ್ತದೆ. ಓದಿಗಿಂತ ಓಡಾಟವೇ ಹೆಚ್ಚು ಎಂದು ತಂದೆತಾಯಂದಿರು ಗೊಣಗುತ್ತಾರೆ. ಐದು ಗುಂಪು ಇರಬೇಕಾದ ಕಡೆ ಶಿಕ್ಷಕರು ಕದ್ದು ಮೂರು ಮಾಡಿಕೊಳ್ಳುವುದೂ ಉಂಟು, ದಾಖಲೆ ತುಂಬುವ ಕೆಲಸವೇ ಅಷ್ಟಿರುವಾಗ ಅವರನ್ನು ಬೈಯುವುದು ಕಷ್ಟ. ಇಷ್ಟಿದ್ದರೂ ಅದರ ಸನ್ನೆಗಳಲ್ಲಿ ಒಂದು ಗುಣವಿದೆ, ಗಂಟೆಗೂ ಸೀಟಿಗೂ ಇಲ್ಲದ್ದು. ಏಣಿ ಯಾರನ್ನೂ ಸುಮ್ಮನಿರಿ ಅನ್ನುವುದಿಲ್ಲ, ಮುಂದಿನ ಕೆಲಸ ಯಾವುದೆಂದು ತೋರಿಸುತ್ತದೆ. ಸದ್ದು ತಾನಾಗಿ ಕಡಿಮೆಯಾಗುವುದು ಕೈಯಲ್ಲಿ ಕೆಲಸ ಇದ್ದಾಗ. ಫುಕೊ ಎತ್ತಿದ ಆಕ್ಷೇಪವೂ ಇಲ್ಲಿ ಹೆಚ್ಚು ತಾಗುವುದಿಲ್ಲ. ಮಗು ಗುರುತನ್ನು ಓದಿ, ಅರ್ಥಮಾಡಿಕೊಂಡು, ತಾನೇ ಎದ್ದು ಹೋಗಬೇಕು.

ಗಂಟೆಯದು ಬೇರೆ ಕತೆ. ಹಳ್ಳಿ ಶಾಲೆಗಳಲ್ಲಿ ಇಂದಿಗೂ ಮರಕ್ಕೋ ಜಗಲಿಯ ತೊಲೆಗೋ ರೈಲು ಕಂಬಿಯ ತುಂಡು ತೂಗುತ್ತಿರುತ್ತದೆ. ಅದನ್ನು ಬಡಿಯುವ ಅವಕಾಶ ಏಳನೇ ತರಗತಿಯ ಹುಡುಗನಿಗೆ ಸಿಗುವ ದೊಡ್ಡ ಪದವಿ. ಪ್ರಾರ್ಥನೆಗೆ ಒಂದು ಬಗೆ, ಅವಧಿಗೆ ಒಂದು ಬಗೆ, ಸಂಜೆಗೆ ‘ಲಾಂಗ್ ಬೆಲ್’. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾದ ಮೇಲೆ ಬೆಳಗಿನ ಹಾಲಿಗೂ ಒಂದು ಗಂಟೆ ಸೇರಿತು. ಮಧ್ಯಾಹ್ನ ಬಿಸಿಯೂಟದ ಗಂಟೆಗೆ ಮೊದಲೇ ಸಾರಿನ ವಾಸನೆ ಆ ಕೆಲಸ ಮಾಡಿರುತ್ತದೆ. 2019ರಲ್ಲಿ ಕೇರಳದಲ್ಲಿ ಸುದ್ದಿಯಾಗಿ ಆಮೇಲೆ ಕರ್ನಾಟಕಕ್ಕೂ ಬಂದ ‘ವಾಟರ್ ಬೆಲ್’ ಒಳ್ಳೆಯ ಯೋಚನೆ, ಆಟದ ಭರದಲ್ಲಿ ನೀರು ಮರೆಯುವ ಮಕ್ಕಳಿಗೆ ನೆನಪಿಸುವ ಗಂಟೆ. ಆದರೆ ಗೌರಿಬಿದನೂರು, ಚಿಂತಾಮಣಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಗಂಟೆ ಹೊಡೆಯುವ ಮುನ್ನ ಶುದ್ಧ ನೀರಿನ ಘಟಕ ನಡೆಯುತ್ತಿದೆಯೇ ಎಂದು ನೋಡಬೇಕಾದ ಜಿಲ್ಲೆ ಇದು.

ಶಾಲೆಯ ದಿನವನ್ನು ಕತ್ತರಿಸಿ ಹಂಚುವುದಕ್ಕೆ ಗಂಟೆ ಸಾಕು, ಕೋಣೆಯೊಳಗಿನ ಕೆಲಸಕ್ಕೆ ಅದು ಒರಟು. ಅಲ್ಲಿ ಚಪ್ಪಾಳೆಗಳ ರಾಜ್ಯ. ಇವುಗಳ ಪೈಕಿ ಮಳೆ ಚಪ್ಪಾಳೆಗೆ ಸಾಟಿಯಿಲ್ಲ. ಅಂಗೈಯ ಮೇಲೆ ಮೊದಲು ಒಂದು ಬೆರಳು, ಆಮೇಲೆ ಎರಡು, ಮೂರು, ನಾಲ್ಕು, ಐದೂ ಬೆರಳು. ತುಂತುರು ಜೋರಾಗಿ ಸುರಿಯುತ್ತದೆ. ಮತ್ತೆ ನಾಲ್ಕು, ಮೂರು, ಎರಡು, ಒಂದು. ಮಳೆ ನಿಲ್ಲುತ್ತದೆ, ಕೋಣೆಯೂ ನಿಶ್ಶಬ್ದವಾಗುತ್ತದೆ. ನದಿಗಳು ಹುಟ್ಟಿ ಬೇರೆಯವರ ಊರಿಗೆ ಹರಿದುಹೋಗುವ ಈ ಬರದ ಸೀಮೆಯಲ್ಲಿ ಮಕ್ಕಳು ದಿನಕ್ಕೆರಡು ಸಲ ಮಳೆ ತರಿಸುತ್ತಾರೆ. ತಮಾಷೆ ಹಾಗಿರಲಿ, ಈ ಚಪ್ಪಾಳೆಯ ರಚನೆ ಗಮನಿಸಬೇಕಾದದ್ದು. ಅದು ಗಲಾಟೆಯನ್ನು ಒಮ್ಮೆಗೇ ತಡೆಯಲು ಹೋಗುವುದಿಲ್ಲ, ಮೊದಲು ಗಲಾಟೆಗೇ ಒಂದು ಲಯ ಕೊಟ್ಟು ಆಮೇಲೆ ಅದನ್ನು ಇಳಿಸುತ್ತದೆ. ಶಿಕ್ಷಕಿ ಒಂದು ತಾಳ ಹಾಕಿ ಮಕ್ಕಳು ಅದನ್ನೇ ತಿರುಗಿಸಿ ಹಾಕುವ ಚಪ್ಪಾಳೆಯ ಗುಟ್ಟೂ ಇದೇ. ತಿರುಗಿಸಿ ಹಾಕಬೇಕಾದರೆ ಮೊದಲು ಕೇಳಿಸಿಕೊಳ್ಳಬೇಕು.

ಗಂಟಲೇ ಯಾಕೆ ಸಾಲದು ಎಂಬುದಕ್ಕೆ ಶರೀರಶಾಸ್ತ್ರದ ಕಾರಣವೂ ಇದೆ. ಸುತ್ತ ಸದ್ದು ಹೆಚ್ಚಿದಂತೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ ಎಂದು ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ತೋರಿಸಿದ. ತರಗತಿಯಲ್ಲಿ ಇದು ಎರಡೂ ಕಡೆಯಿಂದ ನಡೆಯುತ್ತದೆ: ಮಿಸ್ ದನಿ ಏರಿಸಿದರೆ ಮಕ್ಕಳೂ ಏರಿಸುತ್ತಾರೆ, ಅದನ್ನು ದಾಟಲು ಮಿಸ್ ಇನ್ನಷ್ಟು. ಪಾಠ ನಡೆಯುವಾಗ ಕೋಣೆಯ ಹಿನ್ನೆಲೆ ಸದ್ದು 35 ಡೆಸಿಬಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು. ಕೋಣೆಗಳ ನಡುವೆ ಚಾವಣಿಯವರೆಗೆ ಗೋಡೆಯೇ ಇಲ್ಲದ ಹಂಚಿನ ಶಾಲೆಯಲ್ಲಿ ಪಕ್ಕದ ಮಗ್ಗಿಯೇ ಅದನ್ನು ಮೀರಿಸುತ್ತದೆ. ಎತ್ತಿದ ಕೈಯೋ ಹಲಗೆಯ ಮೇಲಿನ ಚಿತ್ರವೋ ಸದ್ದಿಗೆ ಸದ್ದು ಸೇರಿಸುವುದಿಲ್ಲ. ಕೈ ಎತ್ತಿದ ಟೀಚರನ್ನು ನೋಡಿದ ಮಗು ತಾನೂ ಕೈ ಎತ್ತಬೇಕು, ಪಕ್ಕದವರಿಗೆ ತಟ್ಟಿ ತೋರಿಸಬೇಕು ಎಂಬ ಸರಳ ನಿಯಮ ಹೆಚ್ಚಿನ ಚಪ್ಪಾಳೆಗಳಿಗಿಂತ ಅಗ್ಗ. ತೊಂದರೆ ಒಂದೇ. ನಲಿ-ಕಲಿಯಲ್ಲಿ ಮಕ್ಕಳು ಸುತ್ತಲೂ ಮುಖ ಮಾಡಿ ಕೂರುವುದರಿಂದ ಅರ್ಧ ಮಕ್ಕಳ ಬೆನ್ನು ಟೀಚರ್ ಕಡೆಗಿರುತ್ತದೆ. ಕಣ್ಣಿಗೆ ಕಾಣುವ ಸನ್ನೆ ಅವರಿಗೆ ಮುಟ್ಟಲು ಹೊತ್ತು ಹಿಡಿಯುತ್ತದೆ. ಅನುಭವವುಳ್ಳವರು ಹೀಗಾಗಿಯೇ ಮೊದಲು ಒಂದು ಸಣ್ಣ ಸದ್ದು, ಆಮೇಲೆ ಕೈ ಎಂದು ಜೋಡಿಸುತ್ತಾರೆ.

ಸೀಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಸೇವಾದಳ, ಅದರ ಜೊತೆಗೆ ಸ್ಕೌಟು ಇವುಗಳ ಕವಾಯತು ಶಾಲೆಯಂಗಳಕ್ಕೆ ಸೀಟಿಯನ್ನೂ ‘ಸಾವಧಾನ್–ವಿಶ್ರಾಮ್’ ಅನ್ನೂ ತಂದಿತು. ಅಂಗಳದಲ್ಲಿ ಅದು ಸರಿ. ಆರು ವರ್ಷದ ಮಕ್ಕಳ ಕೋಣೆಯೊಳಗೆ ಸೀಟಿ ಊದುವವರು ತಮ್ಮ ಕಿವಿಯನ್ನೂ ಹಾಳು ಮಾಡಿಕೊಳ್ಳುತ್ತಾರೆ.

ಆಕಾಶವಾಣಿಯಲ್ಲಿ ಬರುತ್ತಿದ್ದ ‘ಕೇಳಿ-ಕಲಿ’, ‘ಚಿಣ್ಣರ ಚುಕ್ಕಿ’ಯಂಥ ಬಾನುಲಿ ಪಾಠಗಳನ್ನೂ ಇಲ್ಲಿ ನೆನೆಯಬೇಕು. ರೇಡಿಯೊಗೆ ಕಣ್ಣಿಲ್ಲ, ಮುಂದಿರುವ ಮಕ್ಕಳನ್ನು ಅದು ಕಾಣದು. ಆದ್ದರಿಂದ ಯಾವಾಗ ಕೇಳಬೇಕು, ಯಾವಾಗ ಎದ್ದು ಮಾಡಬೇಕು ಎಂಬುದನ್ನು ಸದ್ದು, ಸಂಗೀತಗಳಿಂದಲೇ ಸೂಚಿಸಿ, ಮಕ್ಕಳು ಉತ್ತರಿಸಲು ನಡುವೆ ಬಿಡುವು ಕೊಡಬೇಕಾಗುತ್ತಿತ್ತು. ಆ ಬಿಡುವು ಮುಖ್ಯ. ಅಮೆರಿಕದ ಮೇರಿ ಬಡ್ ರೋವ್ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದೇ ಸೆಕೆಂಡ್ ಎಂದು ಗೊತ್ತಾಯಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ಮನೆಯ ತೆಲುಗಿನಲ್ಲಿ ಯೋಚಿಸಿ ಶಾಲೆಯ ಕನ್ನಡದಲ್ಲಿ ಹೇಳಬೇಕಾದ ಗೌರಿಬಿದನೂರಿನ ಮಗುವಿಗೆ ಆ ಮೂರು ಸೆಕೆಂಡ್ ಕೂಡ ಬಿಗಿಯೇ. ಗೊತ್ತಿದ್ದವರು ಕೂಗದೆ ಹೆಬ್ಬೆರಳನ್ನು ಎದೆಯ ಹತ್ತಿರ ಹಿಡಿಯಿರಿ ಎಂಬ ಸನ್ನೆ ಇಂಥಲ್ಲಿ ನಿಜವಾದ ಉಪಕಾರ ಮಾಡುತ್ತದೆ. ಮುಂದಿನ ಸಾಲಿನ ಚುರುಕು ಹುಡುಗ ‘ನಾನ್ ಹೇಳ್ತೀನಿ ಸಾರ್, ನಾನ್ ಹೇಳ್ತೀನಿ’ ಎಂದು ಅಂಗಿಯ ತೋಳು ಎಳೆಯುವುದು ತಪ್ಪುತ್ತದೆ, ಹಿಂದಿನವಳಿಗೆ ಯೋಚಿಸಲು ಹೊತ್ತು ಸಿಗುತ್ತದೆ.

ತರಗತಿ ನಿರ್ವಹಣೆಯ ಸಂಶೋಧನೆಗಳಲ್ಲಿ ಇನ್ನೊಂದು ಹೆಸರು ಜೇಕಬ್ ಕೌನಿನ್. ಯಾವ ಬಗೆಯ ಗದರಿಕೆ ಹೆಚ್ಚು ಫಲಕಾರಿ ಎಂದು ಹುಡುಕಲು ಹೊರಟ ಆತ, ಗದರಿಕೆಯ ಬಗೆಗೂ ಶಿಸ್ತಿಗೂ ಹೇಳಿಕೊಳ್ಳುವಂಥ ನಂಟಿಲ್ಲ ಎಂದು 1970ರ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡ. ಫಲ ಕೊಟ್ಟದ್ದು ಬೇರೆಯೇ: ಕೋಣೆಯ ಮೂಲೆಮೂಲೆಯಲ್ಲಿ ಏನಾಗುತ್ತಿದೆ ಎಂಬ ಎಚ್ಚರ, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ದಾಟಿಸುವ ಜಾಣ್ಮೆ. ನಮ್ಮ ಹಳೆಯ ಮೇಷ್ಟ್ರುಗಳಿಗೆ ಬೆನ್ನಿನಲ್ಲೂ ಕಣ್ಣಿದೆ ಎಂದು ಮಕ್ಕಳು ನಂಬುತ್ತಿದ್ದದ್ದು ಇದನ್ನೇ. ಸನ್ನೆಯನ್ನು ಗದರಿಕೆಯ ಇನ್ನೊಂದು ರೂಪವಾಗಿ ಬಳಸುವವರು ಕೌನಿನ್‌ನ ಮಾತನ್ನು ಕೇಳಬೇಕು. ಮೇಜನ್ನು ಡಸ್ಟರಿನಿಂದ ಬಡಿಯುವುದೂ ಬೈಗುಳವೇ.

ಹಾಗಾದರೆ ನಮ್ಮಲ್ಲಿ ಶಿಕ್ಷಕರ ಕಡೆಯಿಂದ ಹೆಚ್ಚು ಚಾಲ್ತಿಯಲ್ಲಿರುವ ಸನ್ನೆ ಯಾವುದು? ಕೈ ಕಟ್ಟು, ಬಾಯಿ ಮೇಲೆ ಬೆರಳು. ಖಾಸಗಿ ಕಾನ್ವೆಂಟಾಗಲಿ ಸರ್ಕಾರಿ ಶಾಲೆಯಾಗಲಿ, ಇದರಲ್ಲಿ ಭೇದವಿಲ್ಲ. ಅಧಿಕಾರಿಗಳು ಬಂದಾಗ, ಹೆಡ್‌ಮಾಸ್ಟರು ಹೊರಗೆ ಫೋನಿನಲ್ಲಿದ್ದಾಗ, ಬಿಸಿಯೂಟದ ಸಾಲಿನಲ್ಲಿ, ಎಲ್ಲೆಲ್ಲೂ ಅದೇ. ಈ ಸನ್ನೆಗೆ ಉತ್ತರ ಕೊಡುವ ದಾರಿಯೇ ಇಲ್ಲ. ಮಗುವಿಗೆ ಮಾಡಲು ಕೆಲಸವೂ ಇಲ್ಲ. ಬೆರಳು ತುಟಿಯ ಮೇಲಿದ್ದರೆ ಸ್ಲೇಟು ಹಿಡಿಯುವುದು ಹೇಗೆ? ಲಾ ಸಾಲ್‌ನ ಟಕ್‌ಟಕ್ ಕೂಡ ಓದನ್ನು ಮುಂದುವರಿಸಲಿಕ್ಕಾದರೂ ಇತ್ತು. ಎರಡು ನಿಮಿಷ ದಾಟಿದ ಬಾಯಿ ಮೇಲಿನ ಬೆರಳು ಶಿಕ್ಷೆಯೇ ಆಗುತ್ತದೆ. ಕಾಯ್ದೆಯ 17ನೇ ಸೆಕ್ಷನ್ ಹೇಳುವ ಮಾನಸಿಕ ಹಿಂಸೆಗೂ ಅದಕ್ಕೂ ಗೆರೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಸುಲಭವಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬದುಕಿಡೀ ಹೇಳಿದ್ದು ಪ್ರಶ್ನೆ ಕೇಳಿ ಎಂದು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, ಕುಲಪತಿಯಾದರು, ತಮ್ಮ ಊರ ಸೀಮೆಯಲ್ಲಿ ವಿದ್ಯಾಸಂಸ್ಥೆಗಳನ್ನೂ ಬೆಳೆಸಿದರು. ಅವರ ತಾಲ್ಲೂಕಿನ ತರಗತಿಗಳಲ್ಲಿ ‘ನನಗೊಂದು ಪ್ರಶ್ನೆ ಇದೆ’ ಎಂಬುದಕ್ಕೆ ಬೇರೆಯಾದ ಸನ್ನೆ ಇಲ್ಲ. ಕೈ ಎತ್ತಿದರೆ ಉತ್ತರ ಗೊತ್ತಿದೆ ಎಂದೇ ಎಲ್ಲರ ಲೆಕ್ಕ. ಗೊತ್ತಿಲ್ಲದವರು ಏನನ್ನು ಎತ್ತಬೇಕು?

ಕೆಲವು ಶಿಕ್ಷಕರು ಇದಕ್ಕೆ ತಮ್ಮದೇ ಉಪಾಯ ಮಾಡಿಕೊಳ್ಳುತ್ತಾರೆ. ಹೆಬ್ಬೆರಳು ಮೇಲಿದ್ದರೆ ಅರ್ಥವಾಯಿತು, ಅಡ್ಡವಿದ್ದರೆ ಅರ್ಧ, ಕೆಳಗಿದ್ದರೆ ಇನ್ನೊಮ್ಮೆ ಹೇಳಿ. ಕೆಂಪು, ಹಳದಿ, ಹಸಿರು ಮುಚ್ಚಳಗಳನ್ನು ಗುಂಪಿನ ಮುಂದಿಟ್ಟು, ಸಹಾಯ ಬೇಕಾದಾಗ ಕೆಂಪು ಮೇಲಿಡಿ ಎನ್ನುವವರಿದ್ದಾರೆ. ಐದು ತಟ್ಟೆಗಳ ನಡುವೆ ಓಡಾಡುವ ಟೀಚರಿಗೆ ಆ ಕೆಂಪು ಮುಚ್ಚಳ ದೂರದಿಂದಲೇ ಕಾಣುತ್ತದೆ, ಮಗು ಎದ್ದು ಬಂದು ಸೆರಗು ಹಿಡಿದು ಕಾಯಬೇಕಿಲ್ಲ. ಖರ್ಚು ಸೊನ್ನೆ, ಎಣ್ಣೆ ಬಾಟಲಿಯ ಮುಚ್ಚಳವಾದರೂ ನಡೆಯುತ್ತದೆ. ನಾಚುವ ಮಗು ಹೆಬ್ಬೆರಳನ್ನು ಕೆಳಗೆ ಮಾಡಲು ಹಿಂಜರಿಯುತ್ತದೆ, ಪಕ್ಕದವರನ್ನು ನೋಡಿ ಮೇಲೆ ಮಾಡಿಬಿಡುತ್ತದೆ ಎಂಬುದು ನಿಜ. ಕಣ್ಣು ಮುಚ್ಚಿಕೊಂಡು ತೋರಿಸಿ ಎಂದರೆ ಆ ತೊಂದರೆಯೂ ಅರ್ಧ ಕಳೆಯುತ್ತದೆ.

ಕಿವಿ ಕೇಳದ ಮಗುವೊಂದು ಕೋಣೆಯಲ್ಲಿದ್ದರೆ ಲೆಕ್ಕವೇ ಬದಲಾಗುತ್ತದೆ. ಚಪ್ಪಾಳೆ, ಗಂಟೆ, ತಾಳ ಯಾವುದೂ ಆ ಮಗುವಿನದ್ದಲ್ಲ. ಭಾರತೀಯ ಸಂಜ್ಞಾ ಭಾಷೆಗಾಗಿ ದೆಹಲಿಯಲ್ಲಿ 2015ರಲ್ಲಿ ರಾಷ್ಟ್ರೀಯ ಸಂಶೋಧನಾ ಮತ್ತು ತರಬೇತಿ ಕೇಂದ್ರ ಶುರುವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆ ಭಾಷೆಯನ್ನು ದೇಶದುದ್ದಕ್ಕೂ ಏಕರೂಪಕ್ಕೆ ತರುವ ಮಾತಾಡಿತು. ಹಳ್ಳಿಯ ಶಾಲೆಗೆ ಅದು ಬರುವವರೆಗೆ ಮಾಡಬಹುದಾದ ಚಿಕ್ಕ ಕೆಲಸಗಳಿವೆ. ಮೆಚ್ಚುಗೆಗೆ ಎರಡೂ ಕೈಗಳನ್ನು ಮೇಲೆತ್ತಿ ಅಲುಗಿಸುವುದು ಕಿವುಡರ ಚಪ್ಪಾಳೆ. ಇಡೀ ತರಗತಿ ಅದನ್ನೇ ಮಾಡಿದರೆ ಆ ಮಗು ಹೊರಗಿನದಾಗುವುದಿಲ್ಲ, ಪಕ್ಕದ ಕೋಣೆಯ ಪಾಠವೂ ಕೆಡುವುದಿಲ್ಲ.

ಉಳಿದದ್ದು ಬಾಳಿಕೆಯ ಪ್ರಶ್ನೆ. ಯಾವ ಸನ್ನೆಯೂ ಬಹಳ ದಿನ ಹೊಸದಾಗಿರುವುದಿಲ್ಲ. ಜೂನ್‌ನಲ್ಲಿ ಕೆಲಸ ಮಾಡಿದ ತಾಳ ದಸರಾ ರಜೆಯ ಹೊತ್ತಿಗೆ ಬರೀ ಸದ್ದಾಗಿರುತ್ತದೆ. ಸನ್ನೆಗಳ ಸಂಖ್ಯೆ ಹೆಚ್ಚಿದಷ್ಟೂ ಅವು ಬೇಗ ಸವೆಯುತ್ತವೆ. ನಾಲ್ಕೈದನ್ನು ಇಟ್ಟುಕೊಂಡು, ಪ್ರತಿ ಸಲವೂ ಅದೇ ಅರ್ಥದಲ್ಲಿ ಬಳಸಿ, ಎಲ್ಲರೂ ಉತ್ತರಿಸುವವರೆಗೆ ಮುಂದಕ್ಕೆ ಹೋಗದಿರುವವರ ಕೋಣೆಯಲ್ಲಿ ಅವು ಮಾರ್ಚ್‌ವರೆಗೂ ಬಾಳುತ್ತವೆ. ಇದಕ್ಕೆ ದೊಡ್ಡ ಅಡ್ಡಿ ಶಿಕ್ಷಕರಲ್ಲ, ಶಿಕ್ಷಕರ ಓಡಾಟ. ನಡುವೆ ವರ್ಗಾವಣೆಯಾಗುತ್ತದೆ, ಜಾಗ ತುಂಬಲು ಅತಿಥಿ ಶಿಕ್ಷಕರು ಬರುತ್ತಾರೆ, ಗಣತಿಗೋ ಚುನಾವಣೆಗೋ ಇದ್ದವರೂ ಹೋಗುತ್ತಾರೆ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಲೆಕ್ಕ. ಅವರಲ್ಲಿ ಒಬ್ಬರು ಸಭೆಗೆ ಹೋದ ದಿನ ಐದೂ ತರಗತಿ ಒಬ್ಬರದೇ. ಬದಲಿಗೆ ಬಂದವರಿಗೆ ಆ ಕೋಣೆಯ ಸನ್ನೆಗಳೇ ಗೊತ್ತಿರುವುದಿಲ್ಲ. ಹಾಜರಿ ಪುಸ್ತಕ, ಕಾರ್ಡಿನ ಟ್ರೇ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಸಹಿ ಹಾಕಿ ಒಪ್ಪಿಸುವ ವ್ಯವಸ್ಥೆಯಲ್ಲಿ ಇದನ್ನು ಒಪ್ಪಿಸುವ ಅಂಕಣವಿಲ್ಲ. ಮಕ್ಕಳೇ ಹೊಸಬರಿಗೆ ಕಲಿಸುತ್ತಾರೆ: ‘ಹಂಗಲ್ಲ ಮಿಸ್, ನೀವು ಕೈ ಎತ್ತಿದ್ರೆ ನಾವೂ ಎತ್ತಬೇಕು.’

ಅದಕ್ಕಿಂತ ದೊಡ್ಡ ಕಂದಕ ಇರುವುದು ಮೂರನೇ ಮತ್ತು ನಾಲ್ಕನೇ ತರಗತಿಯ ನಡುವೆ. ನಲಿ-ಕಲಿ ಮೂರಕ್ಕೆ ಮುಗಿಯುತ್ತದೆ. ನಾಲ್ಕನೆಯದರಲ್ಲಿ ಏಣಿಯಿಲ್ಲ, ತಟ್ಟೆಯಿಲ್ಲ, ಟ್ರೇಯಿಲ್ಲ. ಬೆಂಚು, ಪಠ್ಯಪುಸ್ತಕ, ಮುಂದೆ ಕರಿಹಲಗೆ. ಮೂರು ವರ್ಷ ತನ್ನ ಕಾರ್ಡನ್ನು ತಾನೇ ಹುಡುಕಿ ತೆಗೆಯುತ್ತಿದ್ದ ಮಗು ಈಗ ಮೇಷ್ಟ್ರು ಯಾವ ಪುಟ ಎನ್ನುವವರೆಗೆ ಕಾಯಬೇಕು. ಬೇಗ ಮುಗಿಸಿದವರು ಏನು ಮಾಡಬೇಕು, ತಿಳಿಯದವರು ಯಾರನ್ನು ಕೇಳಬೇಕು ಎಂಬುದಕ್ಕೆ ಅಲ್ಲಿ ಗುರುತುಗಳಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ನಲಿ-ಕಲಿಯವರು ಒಂದು ಕಡೆ, ನಾಲ್ಕು-ಐದರವರು ಇನ್ನೊಂದು ಕಡೆ ಕೂರುವ ಬದಲು ಒಂದು ಮಧ್ಯಾಹ್ನ ಒಟ್ಟಿಗೆ ಕುಳಿತು, ಸಹಾಯದ ಕೆಂಪು ಮುಚ್ಚಳ ಮತ್ತು ‘ನನ್ನದು ಮುಗಿಯಿತು, ಮುಂದೇನು’ ಎಂಬ ಗುರುತಿನ ಪಟ, ಈ ಎರಡನ್ನು ನಾಲ್ಕನೇ ತರಗತಿಗೂ ದಾಟಿಸಬಹುದು. ಅದಕ್ಕೆ ಹೊಸ ಆದೇಶ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಎರಡು ಕೋಣೆಗಳ ಶಿಕ್ಷಕರು ಮೇ ತಿಂಗಳ ಕೊನೆಗೆ, ಮಕ್ಕಳು ಬರುವ ಮೊದಲು, ಮಾತಾಡಿಕೊಳ್ಳಬೇಕಷ್ಟೆ.